ಮಿದುಳಿನ ರಕ್ತವನ್ನು ತಕ್ಕಡಿಯಲ್ಲಿ ತೂಗಹೊರಟ ಆಂಜೆಲೊ ಮೊಸ್ಸೊ

ಹತ್ತಿಯ ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಗಂಜ್‌ಗೆ ಹೋದವರಿಗೆ ತೂಕದ ಮಹಿಮೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾನ್ವಿ, ದೇವದುರ್ಗಗಳ ಕಡೆಯಿಂದ ನಸುಕಿನಲ್ಲೇ ಹೊರಟು ಬಂದ ರೈತನ ಕಣ್ಣು ನೆಟ್ಟಿರುವುದು ತಕ್ಕಡಿಯ ಮುಳ್ಳಿನ ಮೇಲೆ. ಮುಳ್ಳಿನ ಜಾಗದಲ್ಲಿ ಈಗ ಮಿನುಗುವ ಅಂಕಿಗಳು ಬಂದಿವೆ. ಕಣ್ಣು ಮಾತ್ರ ಇನ್ನೂ ಅಲ್ಲಿಯೇ ಇದೆ. ವರ್ಷದ ದುಡಿಮೆಯೆಲ್ಲ ಆ ಒಂದು ಓಲಾಟದಲ್ಲಿ ನಿರ್ಧಾರವಾಗುತ್ತದೆ.

ಸುಮಾರು ನೂರ ನಲವತ್ತು ವರ್ಷಗಳ ಹಿಂದೆ ಇಟಲಿಯ ಟುರಿನ್ ನಗರದಲ್ಲಿ ವೈದ್ಯರೊಬ್ಬರು ಇಂಥದೇ ಒಂದು ತಕ್ಕಡಿಯನ್ನು ಕಟ್ಟಿದರು. ಅದರ ಮೇಲೆ ಅವರು ಮಲಗಿಸಿದ್ದು ಮನುಷ್ಯನನ್ನು. ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ಎರಡೂ ಸಮತೂಕಕ್ಕೆ ಬಂದ ಮೇಲೆ, ಮಲಗಿದವನಿಗೆ ಒಂದು ಲೆಕ್ಕವನ್ನೋ ಓದಲು ಒಂದು ಹಾಳೆಯನ್ನೋ ಕೊಟ್ಟು, ತಲೆಯ ಕಡೆ ತೂಗುವುದೇ ಎಂದು ಕಾದು ನೋಡಿದರು. ಯೋಚಿಸುವಾಗ ಮಿದುಳಿಗೆ ಹೆಚ್ಚು ರಕ್ತ ಹರಿಯುವುದಾದರೆ ತಲೆ ಭಾರವಾಗಲೇಬೇಕು ಎಂಬುದು ಅವರ ತರ್ಕ. ಇಂದು ಎಂಆರ್‌ಐ ಯಂತ್ರದೊಳಗೆ ಮಲಗಿದ ರೋಗಿಯ ಮಿದುಳಿನಲ್ಲಿ ಎಲ್ಲಿ ಎಷ್ಟು ರಕ್ತ ಹರಿಯುತ್ತಿದೆ ಎಂದು ಅಳೆಯುವ ವಿದ್ಯೆಯ ಮೂಲಪುರುಷರನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಈ ತಕ್ಕಡಿಯ ಬಳಿಗೆ. ಅದನ್ನು ಕಟ್ಟಿದವರ ಹೆಸರು ಆಂಜೆಲೊ ಮೊಸ್ಸೊ.

ಬಡಗಿಯ ಮನೆಯ ಮಗ

ಮೊಸ್ಸೊ ಹುಟ್ಟಿದ್ದು 1846ರ ಮೇ ತಿಂಗಳ ಕೊನೆಯಲ್ಲಿ, ಟುರಿನ್‌ನಲ್ಲಿ. ಬೆಳೆದದ್ದು ಸಮೀಪದ ಕಿಯೆರಿ ಎಂಬ ಪಟ್ಟಣದಲ್ಲಿ. ತಂದೆ ಬಡಗಿ. ಮರ ಕೊರೆಯುವ, ಕೂಡಿಸುವ, ಸಮಮಟ್ಟಕ್ಕೆ ತರುವ ಕೆಲಸವನ್ನು ನೋಡುತ್ತ ಬೆಳೆದ ಹುಡುಗ ಮುಂದೆ ಯುರೋಪಿನ ಅತ್ಯಂತ ಜಾಣ ಉಪಕರಣ ನಿರ್ಮಾಪಕರಲ್ಲಿ ಒಬ್ಬನಾದದ್ದು ಬರಿಯ ಆಕಸ್ಮಿಕವಾಗಿರಲಾರದು. ಅವರ ಜೀವನದ ಮುಖ್ಯ ಸಾಧನೆಗಳೆಲ್ಲ ಒಂದಲ್ಲ ಒಂದು ಉಪಕರಣದ ರೂಪದಲ್ಲೇ ಬಂದಿವೆ.

1870ರಲ್ಲಿ ಟುರಿನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ದೊರೆಯಿತು. ಇಟಲಿ ಒಂದು ರಾಷ್ಟ್ರವಾಗಿ ಒಗ್ಗೂಡಿ ಆಗಿನ್ನೂ ಹತ್ತು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ನಮ್ಮ ಕಡೆ, ಆಗ ನಿಜಾಮನ ಆಳ್ವಿಕೆಯಲ್ಲಿದ್ದ ರಾಯಚೂರಿನಲ್ಲಿ, ಮದರಾಸಿನ ರೈಲು ಹಳಿಯೂ ಮುಂಬಯಿಯ ರೈಲು ಹಳಿಯೂ ಸಂಧಿಸಿದ್ದು ಮರುವರ್ಷ, 1871ರಲ್ಲಿ. ಕಾಲದ ಅಂದಾಜಿಗಾಗಿ ಇದನ್ನು ಹೇಳಿದ್ದು.

ಟುರಿನ್‌ನಲ್ಲಿ ಮೊಸ್ಸೊ ಅವರ ಗುರು ಡಚ್ ಶರೀರಕ್ರಿಯಾ ವಿಜ್ಞಾನಿ ಯಾಕೋಬ್ ಮೊಲೆಸ್ಕಾಟ್. ಕೆಲಕಾಲ ಸೈನ್ಯದ ವೈದ್ಯರಾಗಿ ದಕ್ಷಿಣ ಇಟಲಿಯಲ್ಲಿದ್ದು, ಆ ಮೇಲೆ ಫ್ಲಾರೆನ್ಸ್‌ನಲ್ಲಿ ಮೋರಿಟ್ಸ್ ಶಿಫ್ ಅವರ ಬಳಿ ಕೆಲಸ ಮಾಡಿದ ಮೊಸ್ಸೊ, ಅನಂತರ ಹೋದದ್ದು ಜರ್ಮನಿಯ ಲೈಪ್‌ಜಿಗ್‌ಗೆ, ಕಾರ್ಲ್ ಲುಡ್ವಿಗ್ ಅವರ ಪ್ರಯೋಗಾಲಯಕ್ಕೆ. ಆ ಕಾಲದ ಶರೀರಕ್ರಿಯಾಶಾಸ್ತ್ರಕ್ಕೆ ಲೈಪ್‌ಜಿಗ್ ಕಾಶಿಯಿದ್ದಂತೆ. ದೇಹದೊಳಗಿನ ಚಲನೆಯನ್ನು ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಮೂಡಿಸುವ ಕೈಮೊಗ್ರಾಫ್ ಎಂಬ ಉಪಕರಣವನ್ನು 1840ರ ದಶಕದಲ್ಲೇ ರೂಪಿಸಿದವರು ಲುಡ್ವಿಗ್. ನಾಡಿಯನ್ನು ಬೆರಳಿನಿಂದ ಮುಟ್ಟಿ ಊಹಿಸುತ್ತಿದ್ದ ವೈದ್ಯಕ್ಕೆ ಬರವಣಿಗೆ ಬಂದದ್ದು ಅಲ್ಲಿಂದ. ಪ್ಯಾರಿಸ್‌ನಲ್ಲಿ ಇದೇ ವಿದ್ಯೆಯ ಮತ್ತೊಬ್ಬ ಗುರು ಎಟಿಯೆನ್ ಮಾರೆ ಅವರ ಉಪಕರಣಗಳನ್ನೂ ಮೊಸ್ಸೊ ಕಂಡು ಬಂದರು.

ಲುಡ್ವಿಗ್ ಅವರಿಂದ ಕಲಿತದ್ದನ್ನು ಮೊಸ್ಸೊ ತಮ್ಮದೇ ದಾರಿಯಲ್ಲಿ ಮುಂದಕ್ಕೆ ಒಯ್ದರು. ಮುಂಗೈಯನ್ನು ನೀರು ತುಂಬಿದ ಗಾಜಿನ ಕೊಳವೆಯೊಳಗೆ ಇರಿಸಿ, ಮೊಣಕೈಯ ಬಳಿ ರಬ್ಬರಿನಿಂದ ಬಿಗಿಯುವುದು. ಕೈಗೆ ರಕ್ತ ಹೆಚ್ಚು ಬಂದರೆ ಕೈ ಉಬ್ಬಿ ಅಷ್ಟು ನೀರು ಹೊರಗೆ ಸರಿಯುತ್ತದೆ. ಕಡಿಮೆಯಾದರೆ ನೀರು ಒಳಗೆ ಸರಿಯುತ್ತದೆ. ಸರಿದ ನೀರನ್ನು ಅಳೆದರೆ ರಕ್ತದ ಏರಿಳಿತ ತಿಳಿಯುತ್ತದೆ. ಪ್ಲೆಥಿಸ್ಮೊಗ್ರಾಫ್ ಎಂಬ ಹೆಸರಿನ ಈ ಉಪಕರಣದಲ್ಲಿ ಅವರು ಕಂಡದ್ದು ರಕ್ತವನ್ನು ಮಾತ್ರವಲ್ಲ. ಒಮ್ಮೆ ಪ್ರಯೋಗ ನಡೆಯುತ್ತಿದ್ದಾಗ ಗುರು ಲುಡ್ವಿಗ್ ಕೋಣೆಯೊಳಗೆ ಕಾಲಿಟ್ಟರು. ಒಡನೆಯೇ ಗೆರೆ ಕೆಳಗಿಳಿಯಿತು. ಗುರುವನ್ನು ಕಂಡ ಶಿಷ್ಯನ ಎದೆಯ ಅಳುಕು ಮುಂಗೈಯ ರಕ್ತನಾಳಗಳನ್ನು ಕುಗ್ಗಿಸಿತ್ತು. ಮನಸ್ಸಿನ ವ್ಯಾಪಾರ ರಕ್ತದ ಹರಿವಿನಲ್ಲಿ ಗುರುತು ಬಿಡುತ್ತದೆ ಎಂಬ ಈ ಅರಿವು ಮೊಸ್ಸೊ ಅವರನ್ನು ಜೀವನಪರ್ಯಂತ ಬಿಡಲಿಲ್ಲ. ಕೈಯಲ್ಲಿ ಹೀಗಾದರೆ, ಯೋಚನೆಯ ತವರಾದ ಮಿದುಳಿನಲ್ಲಿ ಏನಾಗುತ್ತಿರಬೇಡ?

ತೆರೆದ ತಲೆಬುರುಡೆಯ ಮೂವರು

ಮಿದುಳನ್ನು ಗಾಜಿನ ಕೊಳವೆಯಲ್ಲಿ ಇಡಲಾಗದು. ತಲೆಬುರುಡೆಯ ಗಟ್ಟಿ ಡಬ್ಬಿಯೊಳಗೆ ಅದು ಭದ್ರವಾಗಿ ಕುಳಿತಿರುತ್ತದೆ. ಆದರೆ ಆ ಡಬ್ಬಿ ಒಡೆದವರೂ ಇದ್ದರು. 1870ರ ದಶಕದ ಮಧ್ಯದಿಂದ ಮೊಸ್ಸೊ ಅಂಥವರನ್ನು ಅರಸತೊಡಗಿದರು. ರೋಗದಿಂದ ತಲೆಯ ಮೂಳೆ ಸವೆದುಹೋಗಿದ್ದ ಕತೆರೀನ ಎಂಬ ಹೆಂಗಸು. ಹಸುಳೆಯಾಗಿದ್ದಾಗ ಎತ್ತರದಿಂದ ಬಿದ್ದು ತಲೆಯೊಡೆದುಕೊಂಡು, ಮೂರ್ಛೆರೋಗಕ್ಕೂ ಬುದ್ಧಿಮಾಂದ್ಯಕ್ಕೂ ತುತ್ತಾಗಿ, ಶಾಲೆಗೆ ಹೋಗಬೇಕೆಂಬ ಒಂದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದ ಜೊವಾನಿ ಎಂಬ ಹುಡುಗ. ಮತ್ತು ಮೂವರಲ್ಲಿ ಹೆಚ್ಚು ಪ್ರಸಿದ್ಧನಾದ ಮಿಕೆಲೆ ಬೆರ್ತಿನೊ ಎಂಬ ರೈತ.

ಬೆರ್ತಿನೊನ ತಲೆಯ ಮೇಲೆ 1877ರಲ್ಲಿ ಎತ್ತರದಿಂದ ಇಟ್ಟಿಗೆಯೊಂದು ಬಿದ್ದಿತು. ಹಣೆಯ ಬಲಭಾಗದಲ್ಲಿ ಮೂಳೆ ಒಡೆದು ಎರಡು ಸೆಂಟಿಮೀಟರಿನಷ್ಟು ಕಿಂಡಿ ಉಳಿಯಿತು. ಆತನ ಬುದ್ಧಿಗೆ ಏನೂ ಆಗಿರಲಿಲ್ಲ. ಚರ್ಮದ ಕೆಳಗೆ ಮಿದುಳು ಮಿಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಮೊಸ್ಸೊ ಆ ಕಿಂಡಿಯ ಮೇಲೆ ರಬ್ಬರಿನಂಥ ಗಟ್ಟಿ ಅಂಟಿನ ಮುಚ್ಚಳ ಕೂರಿಸಿ, ಅದರಿಂದ ಒಂದು ನಳಿಕೆ ಎಳೆದು, ಮಿದುಳಿನ ಮಿಡಿತವನ್ನು ಗಾಳಿಯ ಮೂಲಕ ಬರೆಯುವ ಕಡ್ಡಿಗೆ ತಲುಪಿಸಿದರು. ಜೊತೆಗೇ ಆತನ ಮುಂಗೈಯ ಏರಿಳಿತವನ್ನೂ ಬರೆಯಿಸಿದರು. ಈ ಎರಡನೆಯ ಗೆರೆಯಲ್ಲೇ ಮೊಸ್ಸೊ ಅವರ ವಿಜ್ಞಾನಬುದ್ಧಿ ಕಾಣುವುದು. ಇಡೀ ದೇಹದ ರಕ್ತದೊತ್ತಡ ಏರಿದ್ದರೆ ಮಿದುಳು, ಕೈ ಎರಡೂ ಒಟ್ಟಿಗೆ ಉಬ್ಬಬೇಕು. ಮಿದುಳು ಮಾತ್ರ ಉಬ್ಬಿದರೆ ಅದರ ಕಾರಣ ಮಿದುಳಿನಲ್ಲೇ ಇರಬೇಕು.

ಒಂದು ಮಧ್ಯಾಹ್ನ ಪ್ರಯೋಗದ ನಡುವೆ ಚರ್ಚಿನ ಗಂಟೆ ಬಾರಿಸಿತು. ಬೆರ್ತಿನೊನ ಮಿದುಳಿನ ಗೆರೆ ಎದ್ದು ನಿಂತಿತು. ಕೈಯ ಗೆರೆ ಇದ್ದಲ್ಲೇ ಇತ್ತು. ಮೊಸ್ಸೊ ಅವರಿಗೆ ಒಂದು ಯೋಚನೆ ಹೊಳೆಯಿತು. ಗಂಟೆ ಕೇಳಿದಾಗ ಮರಿಯಮ್ಮನ ಪ್ರಾರ್ಥನೆ ಹೇಳಬೇಕಿತ್ತೆಂದು ಅನಿಸಿತೇ ಎಂದು ಆತನನ್ನು ವಿಚಾರಿಸಿದರು. ಆ ಪ್ರಶ್ನೆಗೇ ಗೆರೆ ಮತ್ತೊಮ್ಮೆ ಎದ್ದಿತು. ಎಂಟನ್ನು ಹನ್ನೆರಡರಿಂದ ಗುಣಿಸಲು ಹೇಳಿದಾಗಲೂ ಹಾಗೆಯೇ ಆಯಿತು. ಮಗ್ಗಿ ಬಾಯಿಪಾಠವಿದ್ದವರಿಗೆ ತೊಂಬತ್ತಾರು ಎನ್ನಲು ಎಷ್ಟು ಹೊತ್ತು? ಆದರೆ ಆ ಕ್ಷಣಮಾತ್ರದ ಲೆಕ್ಕ ರಕ್ತದ ಗೆರೆಯಲ್ಲಿ ಬರೆದುಹೋಗಿತ್ತು. ಮನುಷ್ಯನ ಯೋಚನೆಗೂ ಮಿದುಳಿನ ರಕ್ತಕ್ಕೂ ಇರುವ ನಂಟನ್ನು ಒಬ್ಬರು ಕಾಗದದ ಮೇಲೆ ತೋರಿಸಿದ್ದು ಹೀಗೆ. ಈ ಕೆಲಸದ ಗ್ರಂಥ 1880ರಲ್ಲಿ ಹೊರಬಂದಿತು. ಅಷ್ಟರಲ್ಲಿ ಮೊಲೆಸ್ಕಾಟ್ ರೋಮ್‌ಗೆ ತೆರಳಿದ್ದರಿಂದ, 1879ರಲ್ಲಿ ಟುರಿನ್‌ನ ಶರೀರಕ್ರಿಯಾಶಾಸ್ತ್ರದ ಪೀಠ ಮೂವತ್ತಮೂರರ ಮೊಸ್ಸೊ ಅವರದಾಗಿತ್ತು.

ತಕ್ಕಡಿ

ಆದರೂ ಒಂದು ಕೊರಗು ಉಳಿದಿತ್ತು. ತಲೆಯೊಡೆದವರು ಎಷ್ಟು ಮಂದಿ ಸಿಕ್ಕಾರು? ಆರೋಗ್ಯವಂತನ ಮಿದುಳಿನ ರಕ್ತವನ್ನು, ಬುರುಡೆಯನ್ನು ಮುಟ್ಟದೆ ಅಳೆಯುವುದು ಹೇಗೆ? ಬಡಗಿಯ ಮಗನಿಗೆ ಹೊಳೆದ ಉತ್ತರ ಮರದ್ದಾಗಿತ್ತು. ಉದ್ದನೆಯ ಹಲಗೆ, ಅದರ ನಡುವೆ ಚೂಪಾದ ಅಂಚಿನ ಮೇಲೆ ಓಲಾಡುವ ತೊಲೆ, ಸುಮ್ಮನೆ ಉರುಳಿಬೀಳದಂತೆ ಕೆಳಗೆ ಇಳಿಬಿಟ್ಟ ಭಾರ, ಸಮತೂಕಕ್ಕೆ ತರಲು ಸರಿದಾಡಿಸಬಹುದಾದ ಸಣ್ಣ ತೂಕಗಳು. 1882ರ ಸುಮಾರಿಗೆ ಆರಂಭವಾದ ಈ ಕೆಲಸದ ವರದಿ 1884ರಲ್ಲಿ ಪ್ರಕಟವಾಯಿತು.

ಪ್ರಯೋಗಕ್ಕೆ ತಾಳ್ಮೆ ಬೇಕಿತ್ತು. ನಿಂತಿದ್ದವನು ಮಲಗಿದ ಮೇಲೆ ಕಾಲಿನ ರಕ್ತ ದೇಹದಲ್ಲೆಲ್ಲ ಹಂಚಿಕೆಯಾಗಲು ಸಮಯ ಹಿಡಿಯುತ್ತದೆ. ಅದಕ್ಕಾಗಿ ಬಹಳ ಹೊತ್ತು ಕಾಯಬೇಕು. ಮಲಗಿದವನು ಕೈಕಾಲು ಆಡಿಸಬಾರದು, ಮಾತಾಡಬಾರದು. ಉಸಿರಾಟವನ್ನು ಮಾತ್ರ ನಿಲ್ಲಿಸುವಂತಿಲ್ಲ. ಅದರ ಲಯಕ್ಕೆ ತಕ್ಕಡಿ ಸದಾ ಮೆಲ್ಲಗೆ ಓಲಾಡುತ್ತಲೇ ಇರುತ್ತಿತ್ತು. ಮೊಸ್ಸೊ ಅದನ್ನು ಅಡಗಿಸಲಿಲ್ಲ, ಗೆರೆಯಾಗಿ ಬರೆಯಿಸಿಕೊಂಡರು. ನಿದ್ದೆ ಹೋದವನ ತಕ್ಕಡಿ ಕಾಲಿನ ಕಡೆ ವಾಲುತ್ತಿತ್ತು. ಸದ್ದು ಮಾಡಿದರೆ ತಲೆಯ ಕಡೆ ತೂಗುತ್ತಿತ್ತು. ಮಗಳು ಮುಂದೆ ಬರೆದ ಪ್ರಕಾರ, ಹಗುರವಾದ ಓದಿಗಿಂತ ತತ್ತ್ವಶಾಸ್ತ್ರದ ಪುಟಕ್ಕೆ ತಲೆ ಬೇಗ ತೂಗುತ್ತಿತ್ತಂತೆ. ಸಾಲ ಕೊಟ್ಟವನ ಕಾಗದ ಓದಿದಾಗಲಂತೂ ತಕ್ಕಡಿ ದಿಢೀರನೆ ಇಳಿಯಿತಂತೆ. ಈ ಕೊನೆಯದನ್ನು ನಂಬಲು ನಮ್ಮ ಗಂಜ್‌ನ ಯಾವ ರೈತನಿಗೂ ಪ್ರಯೋಗಾಲಯ ಬೇಕಾಗಲಾರದು.

ಸುದ್ದಿ ದೂರದೂರಕ್ಕೆ ಹಬ್ಬಿತು. ಅಮೆರಿಕದ ವಿಲಿಯಂ ಜೇಮ್ಸ್ 1890ರ ತಮ್ಮ ಮನಃಶಾಸ್ತ್ರದ ಮಹಾಗ್ರಂಥದಲ್ಲಿ ತಕ್ಕಡಿಯನ್ನು ಉಲ್ಲೇಖಿಸಿದರು. 1908ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದು, ಈ ಯಂತ್ರ ಇನ್ನು ಮನುಷ್ಯನ ಅಂತರಂಗವನ್ನೇ ತೂಗಿಬಿಡುವುದೆಂಬ ಧಾಟಿಯಲ್ಲಿ ಬರೆಯಿತು. ಪತ್ರಿಕೆಗಳ ಉತ್ಸಾಹ ಇಂದಿನದಷ್ಟೇ ಅಲ್ಲ. ಮೊಸ್ಸೊ ಮಾತ್ರ ತಮ್ಮ ತಕ್ಕಡಿಯ ಮಿತಿಯನ್ನು ಬಲ್ಲವರಾಗಿದ್ದರು. ತಲೆಯ ಕಡೆ ಭಾರವಾಯಿತೆಂದರೆ ಆ ರಕ್ತ ಮಿದುಳಿನಲ್ಲಿದೆಯೋ, ಮುಖದ ಚರ್ಮದಲ್ಲಿದೆಯೋ, ಎದೆಯಲ್ಲಿದೆಯೋ ತಕ್ಕಡಿ ಹೇಳಲಾರದು. ತಕ್ಕಡಿಗೆ ತೂಕ ಗೊತ್ತು, ಜಾಗ ಗೊತ್ತಿಲ್ಲ.

ದಣಿವಿನ ಅಳತೆ, ಬೆಟ್ಟದ ಗಾಳಿ

ಮೊಸ್ಸೊ ಅವರ ಮುಂದಿನ ವರ್ಷಗಳ ಕೆಲಸವನ್ನು ಇಲ್ಲಿ ಪೂರ್ತಿ ಹೇಳುವುದು ಸಾಧ್ಯವಿಲ್ಲ. 1884ರಲ್ಲಿ ಭಯದ ಬಗ್ಗೆ, 1891ರಲ್ಲಿ ದಣಿವಿನ ಬಗ್ಗೆ ಅವರು ಜನಸಾಮಾನ್ಯರಿಗಾಗಿ ಬರೆದ ಪುಸ್ತಕಗಳು ಯುರೋಪಿನ ಹಲವು ಭಾಷೆಗಳಿಗೆ ಅನುವಾದವಾದವು. ದಣಿವನ್ನು ಅಳೆಯಲು ಅವರು ರಚಿಸಿದ ಎರ್ಗೊಗ್ರಾಫ್ ಎಂಬ ಉಪಕರಣದಲ್ಲಿ ಕೈಯನ್ನು ಬಿಗಿದು ನಡುಬೆರಳಿನಿಂದ ಮಾತ್ರ ತೂಕ ಎತ್ತಬೇಕು; ಎತ್ತಿ ಎತ್ತಿ ಬೆರಳು ಸೋಲುವುದು ಗೆರೆಯಾಗಿ ಮೂಡುತ್ತದೆ. ಸಹೋದ್ಯೋಗಿ ಮಜೋರಾ ಅವರು ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದ ದಿನ ಅವರ ಬೆರಳಿನ ಕಸುವು ತೀರ ಕುಸಿದಿತ್ತು. ಮಿದುಳು ದುಡಿದರೆ ಸ್ನಾಯು ಸೋಲುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಪರೀಕ್ಷೆ ಬರೆಯುವವರ ಕಷ್ಟವನ್ನು ಎಲ್ಲರೂ ಬಲ್ಲರು. ಪರೀಕ್ಷೆ ಮಾಡುವವರ ಕಷ್ಟವನ್ನು ಅಳೆದು ತೋರಿಸಿದವರು ಮೊಸ್ಸೊ.

ಆ ಪುಸ್ತಕದಲ್ಲಿ ಬೆರಳಿನ ಕಥೆ ಮಾತ್ರವಿಲ್ಲ. ಸಿಸಿಲಿಯ ಗಂಧಕದ ಗಣಿಗಳಲ್ಲಿ ಅದಿರು ಹೊತ್ತು ಮೆಟ್ಟಿಲೇರುತ್ತಿದ್ದ ಪುಟ್ಟ ಮಕ್ಕಳ ಕಥೆಯೂ ಇದೆ. ಎಳೆಯ ಮೈ ಹೊರೆಗೆ ಬಾಗಿ ವಕ್ರವಾಗುವುದನ್ನು ಕಂಡ ವೈದ್ಯನ ಕೋಪ ಅಲ್ಲಿದೆ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸಿಕೊಳ್ಳುವ ಮಕ್ಕಳನ್ನು ಕಂಡ ನಮ್ಮ ಜಿಲ್ಲೆಯ ಶಿಕ್ಷಕರಿಗೆ ಆ ಅಧ್ಯಾಯ ಅಪರಿಚಿತವೆನಿಸದು.

ಅನಂತರ ಮೊಸ್ಸೊ ಬೆಟ್ಟ ಹತ್ತಿದರು. ಆಲ್ಪ್ಸ್ ಪರ್ವತದ ಮೊಂಟೆ ರೋಸಾ ಶಿಖರದ ಮೇಲೆ, 4,554 ಮೀಟರ್ ಎತ್ತರದಲ್ಲಿ, 1893ರಲ್ಲಿ ರಾಣಿ ಮಾರ್ಗರಿಟಾ ಹೆಸರಿನ ಗುಡಿಸಲು ನಿರ್ಮಾಣವಾಯಿತು. ಮರುವರ್ಷ ಅಲ್ಲಿಗೆ ಸೈನಿಕರೊಂದಿಗೆ ಏರಿದ ಮೊಸ್ಸೊ ಎತ್ತರದ ಗಾಳಿಯಲ್ಲಿ ಉಸಿರು, ನಾಡಿ, ನಿದ್ದೆಗಳನ್ನು ಪರೀಕ್ಷಿಸಿದರು. ಬೆಟ್ಟದ ಬೇನೆಗೆ ಆಮ್ಲಜನಕದ ಕೊರತೆಗಿಂತ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವುದೇ ಕಾರಣ ಎಂದು ವಾದಿಸಿದರು. ಈ ವಾದ ನಿಲ್ಲಲಿಲ್ಲ. ಆದರೂ ಆ ಅನಿಲ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುವ, ಕುಗ್ಗಿಸುವ ಪ್ರಬಲ ಶಕ್ತಿ ಎಂಬುದನ್ನು ಮುಂದಿನ ಶತಮಾನ ದೃಢಪಡಿಸಿತು. ಮಿದುಳಿನ ರಕ್ತನಾಳಗಳಲ್ಲಿ ಎಷ್ಟು ಕಸುವು ಉಳಿದಿದೆ ಎಂದು ನೋಡಬೇಕಾದಾಗ ರೋಗಿಗೆ ಈ ಅನಿಲವನ್ನು ಸ್ವಲ್ಪ ಕುಡಿಸಿ ಎಂಆರ್‌ಐ ತೆಗೆಯುವ ಪದ್ಧತಿಯೂ ಇಂದು ಇದೆ.

1904ರಲ್ಲಿ ಮೊಸ್ಸೊ ಇಟಲಿಯ ಸೆನೆಟ್ ಸದಸ್ಯರಾದರು. ಆ ಹೊತ್ತಿಗೆ ಕಾಯಿಲೆ ಅವರನ್ನು ಹಿಡಿದಿತ್ತು. ಬೆನ್ನುಹುರಿಯನ್ನು ಸವೆಸುವ ಆ ವ್ಯಾಧಿ ನಡಿಗೆಯನ್ನು ಕಸಿಯುತ್ತ ಬಂದಿತು. ನರಮಂಡಲವನ್ನು ಅಳೆಯುವುದರಲ್ಲಿ ಬದುಕು ಕಳೆದ ವಿಜ್ಞಾನಿಗೆ ತಮ್ಮದೇ ನರಗಳು ಕೈಕೊಟ್ಟವು. ಪ್ರಯೋಗಾಲಯದ ಕೆಲಸ ಕಷ್ಟವಾದಾಗ ಅವರು ಕೈ ಕಟ್ಟಿ ಕೂರಲಿಲ್ಲ. ಕ್ರೀಟ್ ದ್ವೀಪದ ಉತ್ಖನನಗಳಲ್ಲಿ ಆಸಕ್ತಿ ವಹಿಸಿ, ಅಲ್ಲಿನ ಪ್ರಾಚೀನ ಅರಮನೆಗಳ ಬಗ್ಗೆ ಪುಸ್ತಕವನ್ನೂ ಬರೆದರು. 1907ರಲ್ಲಿ ಮೊಂಟೆ ರೋಸಾದ ಇಳಿಜಾರಿನ ಕೋಲ್ ದೊಲೆನ್‌ನಲ್ಲಿ ಆರಂಭವಾದ ಸಂಶೋಧನಾ ಕೇಂದ್ರಕ್ಕೆ ಇಂದಿಗೂ ಅವರ ಹೆಸರೇ ಇದೆ. 1910ರ ನವೆಂಬರ್ 24ರಂದು ಟುರಿನ್‌ನಲ್ಲಿ ಅವರು ತೀರಿಕೊಂಡರು.

ತಕ್ಕಡಿ ಹೇಳದೆ ಉಳಿಸಿದ್ದು

ಮೊಸ್ಸೊ ತೀರಿಕೊಂಡ ಮೇಲೆ ಅವರ ಪ್ರಶ್ನೆಯೂ ಬಹುಕಾಲ ಮಂಕಾಯಿತು. ಅದಕ್ಕೆ ಮೊದಲ ನಿಖರವಾದ ಅಂಕಿ ಕೊಟ್ಟವರು ಅಮೆರಿಕದ ಸೆಮರ್ ಕೆಟಿ ಮತ್ತು ಕಾರ್ಲ್ ಶ್ಮಿಟ್. ಅಲ್ಪಪ್ರಮಾಣದ ನೈಟ್ರಸ್ ಆಕ್ಸೈಡ್ ಅನಿಲವನ್ನು ಹತ್ತು ನಿಮಿಷ ಉಸಿರಾಡಿಸಿ, ಮಿದುಳಿಗೆ ಹೋಗುವ ರಕ್ತ ಮತ್ತು ಕುತ್ತಿಗೆಯ ಅಭಿಧಮನಿಯಲ್ಲಿ ಹಿಂದಿರುಗುವ ರಕ್ತ ಎರಡರಲ್ಲೂ ಅನಿಲ ಎಷ್ಟಿದೆಯೆಂದು ನೋಡಿ ಲೆಕ್ಕ ಹಾಕಿದರು. 1948ರಲ್ಲಿ ಅವರು ಪ್ರಕಟಿಸಿದ ಅಂಕಿ: ಆರೋಗ್ಯವಂತ ಯುವಕರ ಮಿದುಳಿನ ಪ್ರತಿ 100 ಗ್ರಾಂಗೆ ನಿಮಿಷಕ್ಕೆ 54 ಮಿಲಿಲೀಟರ್ ರಕ್ತ. ದೇಹದ ತೂಕದ ನೂರಕ್ಕೆ ಎರಡು ಪಾಲಿರುವ ಮಿದುಳು ಹೃದಯ ಹೊರಹಾಕುವ ರಕ್ತದ ನೂರಕ್ಕೆ ಸುಮಾರು 15 ಪಾಲನ್ನು ಪಡೆಯುತ್ತದೆ.

ಇಲ್ಲೊಂದು ತಿರುವಿದೆ. 1955ರಲ್ಲಿ ಕೆಟಿ, ಲೂಯಿ ಸೊಕೊಲಾಫ್ ಮತ್ತು ಸಂಗಡಿಗರು ಇದೇ ವಿಧಾನದಲ್ಲಿ ಮನಸ್ಸಿನಲ್ಲೇ ಲೆಕ್ಕ ಮಾಡುವವರನ್ನು ಪರೀಕ್ಷಿಸಿದರು. ಇಡೀ ಮಿದುಳಿಗೆ ಬರುವ ರಕ್ತದ ಮೊತ್ತ ಬದಲಾಗಲೇ ಇಲ್ಲ. ಹಾಗಾದರೆ ಬೆರ್ತಿನೊನ ಗೆರೆ ಸುಳ್ಳೇ? ಅಲ್ಲ. ಯೋಚನೆಗೆ ರಕ್ತ ಹೆಚ್ಚುವುದು ಮಿದುಳಿನ ಕೆಲವೇ ಜಾಗಗಳಲ್ಲಿ, ಒಟ್ಟು ಮೊತ್ತದಲ್ಲಿ ಅದು ಮುಳುಗಿಹೋಗುತ್ತದೆ. ಒಂದು ಊರಿನ ನೀರಿನ ಬಳಕೆಯನ್ನೆಲ್ಲ ಕೂಡಿಸಿ ನೋಡಿದರೆ ಯಾವ ಓಣಿಯಲ್ಲಿ ಮದುವೆ ನಡೆಯುತ್ತಿದೆ ಎಂದು ತಿಳಿಯದು. ಮೊಸ್ಸೊ ಬೆರ್ತಿನೊನ ಹಣೆಯ ಕಿಂಡಿಯಲ್ಲಿ ನೋಡಿದ್ದು ಒಂದು ಓಣಿಯನ್ನು. ತಕ್ಕಡಿಯಲ್ಲಿ ತೂಗಿದ್ದು ಇಡೀ ಊರನ್ನು. ಬೇಕಾಗಿದ್ದುದು ಬುರುಡೆ ತೆರೆಯದೆ ಓಣಿ ಓಣಿಯನ್ನೂ ಅಳೆಯುವ ವಿದ್ಯೆ.

ಆ ವಿದ್ಯೆಯ ಒಂದು ಮೆಟ್ಟಿಲು ನಮ್ಮ ರಾಜ್ಯದಲ್ಲೇ ಇದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಬಲವಾದ ಅಯಸ್ಕಾಂತದ ನಡುವೆ ಇಟ್ಟ ವಸ್ತುವಿನ ಪರಮಾಣು ಬೀಜಗಳು ರೇಡಿಯೊ ತರಂಗಕ್ಕೆ ಸ್ಪಂದಿಸುತ್ತವೆ ಎಂಬುದನ್ನು ಅಮೆರಿಕದಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ 1946ರಲ್ಲಿ ತೋರಿಸಿದ್ದರು. ಐದೇ ವರ್ಷದಲ್ಲಿ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸ್ಪಂದನವನ್ನು ಅಳೆದು, ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ನಿಂತ ನೀರಿನ ಬೀಜಗಳು ತರಂಗ ಹೀರಿ ಹೀರಿ ದಣಿಯುತ್ತವೆ, ಸಂಕೇತ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ದಣಿದವು ಹೊರಗೆ ಸಾಗಿ, ಹೊಸವು ಒಳಬರುತ್ತವೆ, ಸಂಕೇತ ಬಲಗೊಳ್ಳುತ್ತದೆ. ಅಂದರೆ ಸಂಕೇತದ ಬಲವೇ ಹರಿವಿನ ಸುಳಿವು. 1959ರಲ್ಲಿ ಅಮೆರಿಕದ ಜೆರೋಮ್ ಸಿಂಗರ್ ಇದೇ ಮಾರ್ಗದಲ್ಲಿ ಇಲಿಯ ಬಾಲದ ರಕ್ತದ ಹರಿವನ್ನು ಅಳೆದರು. ಕಾಂತೀಯ ಅನುರಣನದಿಂದ ಹರಿವನ್ನು ಅರಿಯುವ ಶಾಸ್ತ್ರದ ಚರಿತ್ರೆ ಬರೆಯುವವರು ಸೂರ್ಯನ್ ಅವರ ಆ ಕಿರುಲೇಖನದಿಂದಲೇ ಆರಂಭಿಸುವುದು ವಾಡಿಕೆ. ಅಂಥ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರದಿರುವುದು ಬೇಸರದ ಸಂಗತಿ.

ಇಂದಿನ ವಿಧಾನ 1992ರಲ್ಲಿ ಬಂದದ್ದು. ಅಮೆರಿಕದ ಜಾನ್ ಡೆಟ್ರೆ ಮತ್ತು ಸಂಗಡಿಗರು ಮೊದಲು ಇಲಿಗಳ ಮೇಲೆ ಅದನ್ನು ನಡೆಸಿದರು. ರೋಗಿಗೆ ಸೂಜಿಯಿಲ್ಲ, ಔಷಧವಿಲ್ಲ. ಕುತ್ತಿಗೆಯಲ್ಲಿ ಮೇಲೇರುತ್ತಿರುವ ಧಮನಿಯ ರಕ್ತದ ನೀರಿನ ಕಣಗಳನ್ನು ರೇಡಿಯೊ ತರಂಗದಿಂದ ತಲೆಕೆಳಗು ಮಾಡಿ ಗುರುತು ಹಾಕುವುದು. ಒಂದೂವರೆ ಎರಡು ಸೆಕೆಂಡು ಕಾದು, ಆ ರಕ್ತ ಮಿದುಳಿಗೆ ಸೇರಿದ ಮೇಲೆ ಚಿತ್ರ ತೆಗೆಯುವುದು. ಗುರುತು ಹಾಕದೆ ಇನ್ನೊಂದು ಚಿತ್ರ ತೆಗೆಯುವುದು. ಒಂದರಿಂದ ಇನ್ನೊಂದನ್ನು ಕಳೆಯುವುದು. ಉಳಿದದ್ದೇ ರಕ್ತದ ಲೆಕ್ಕ. ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರವಾದ್ದರಿಂದ ಹತ್ತಾರು ಬಾರಿ ಪುನರಾವರ್ತಿಸಿ ಸರಾಸರಿ ತೆಗೆಯಬೇಕಾಗುತ್ತದೆ. ವಯಸ್ಸಾದವರಲ್ಲಿ, ಧಮನಿ ಕಿರಿದಾದವರಲ್ಲಿ ರಕ್ತ ತಡವಾಗಿ ತಲುಪುವುದರಿಂದ, ಬೇಗ ಚಿತ್ರ ತೆಗೆದರೆ ಇರುವ ರಕ್ತವೂ ಇಲ್ಲದಂತೆ ತೋರುವ ಅಪಾಯವಿದೆ. ಇಷ್ಟಾದರೂ, ಪ್ರತಿ ಮೂಲೆಯಲ್ಲಿ 100 ಗ್ರಾಂಗೆ ಎಷ್ಟು ಮಿಲಿಲೀಟರ್ ಎಂಬ ಕೆಟಿಯವರ ಅಳತೆ ಈಗ ನಕ್ಷೆಯಾಗಿ ದೊರೆಯುತ್ತದೆ.

ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳಬಹುದು. ನಮ್ಮ ಭಾಗದಲ್ಲಿ ಲಕ್ವಾ ಹೊಡೆಯಿತು ಎನ್ನುತ್ತಾರಲ್ಲ, ಆ ಪಾರ್ಶ್ವವಾಯುವಿನ ಹೆಚ್ಚಿನ ಪ್ರಕರಣಗಳಲ್ಲಿ ಮಿದುಳಿನ ಒಂದು ಧಮನಿ ಕಟ್ಟಿಕೊಂಡಿರುತ್ತದೆ. ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ಇದ್ದ ಹರಿವು 20ಕ್ಕೆ ಇಳಿದರೆ ಆ ಭಾಗದ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. 10ರ ಆಸುಪಾಸಿಗೆ ಕುಸಿದರೆ ಸಾಯುತ್ತವೆ. ಈ ಎರಡು ಅಂಕಿಗಳ ನಡುವೆ ಇರುವ ಭಾಗ ಸತ್ತಂತೆ ತೋರುತ್ತದೆ, ಸತ್ತಿರುವುದಿಲ್ಲ. ರಕ್ತ ಮರಳಿದರೆ ಕೈ ಎತ್ತಬಹುದು, ಮಾತು ಬರಬಹುದು. ಎಷ್ಟು ಭಾಗ ಹೋಗಿದೆ, ಎಷ್ಟನ್ನು ಇನ್ನೂ ಉಳಿಸಿಕೊಳ್ಳಬಹುದು ಎಂದು ಹೇಳುವುದು ರಕ್ತದ ಹರಿವಿನ ಅಳತೆಯೇ.

ಆದರೆ ಅಳತೆಗೆ ಮೊದಲು ರೋಗಿ ತಲುಪಬೇಕಲ್ಲ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ಒಳಗೆ ರಕ್ತಸ್ರಾವವಾಗಿಲ್ಲ ಎಂದು ಸಿಟಿ ಸ್ಕ್ಯಾನ್‌ನಲ್ಲಿ ಖಚಿತವಾಗಬೇಕು. ಜಗನ್ನಾಥದಾಸರ ಮಾನ್ವಿಯಿಂದಾಗಲಿ ಕೃಷ್ಣೆಯ ದಂಡೆಗೆ ಹೊಂದಿದ ದೇವದುರ್ಗ ತಾಲ್ಲೂಕಿನಿಂದಾಗಲಿ ರಾಯಚೂರು ನಗರಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು ದಾರಿ. ದಾರಿ ಅಷ್ಟೇನೂ ದೂರದ್ದಲ್ಲ. ಹೊತ್ತು ಕಳೆಯುವುದು ಹೆಚ್ಚಾಗಿ ಮನೆಯಲ್ಲಿ: ಬಾಯಿ ಸೊಟ್ಟಗಾದುದನ್ನು ಗಾಳಿ ಸೋಕಿತೆಂದು ಬಗೆದು, ಎಣ್ಣೆ ತಿಕ್ಕಿ, ಬೆಳಗಾಗಲಿ ನೋಡೋಣವೆಂದು ಕಾಯುವುದರಲ್ಲಿ. ಹೊಲದ ಕೆಲಸ ಬಿಟ್ಟು ಬರಲಾಗದ ಮಗ, ಗಾಡಿಯ ಬಾಡಿಗೆಗೆ ಹಣ ಹೊಂದಿಸುವ ಸೊಸೆ, ಇವರ ಚಿಂತೆಯೂ ಆ ಕಾಯುವಿಕೆಯಲ್ಲಿ ಸೇರಿರುತ್ತದೆ. ಒಂದು ಕೈ ಸೋತರೆ, ಮುಖ ಒಂದು ಕಡೆ ಜಾರಿದರೆ, ಮಾತು ತೊದಲಿದರೆ, ಗಡಿಯಾರ ನೋಡಿ ಆ ವೇಳೆಯನ್ನು ನೆನಪಿಟ್ಟುಕೊಂಡು ಹೊರಟುಬಿಡಬೇಕು. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ.

ಮೊಸ್ಸೊ ಅವರ ತಕ್ಕಡಿಯ ಮೂಲ ಹಸ್ತಪ್ರತಿಗಳು ಶತಮಾನದ ಮೇಲೆ ಬೆಳಕಿಗೆ ಬಂದವು. ಸ್ಟೆಫಾನೊ ಸಾಂಡ್ರೋನೆ ಮತ್ತು ಸಂಗಡಿಗರು ಅವುಗಳ ವಿವರವನ್ನು 2014ರಲ್ಲಿ ಬ್ರೈನ್ ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಡೇವಿಡ್ ಫೀಲ್ಡ್ ಮತ್ತು ಲಾರಾ ಇನ್‌ಮನ್ ಹೊಸ ತಕ್ಕಡಿಯೊಂದನ್ನು ಕಟ್ಟಿ ಪ್ರಯೋಗವನ್ನು ಮತ್ತೆ ನಡೆಸಿದರು. ಸಂಗೀತ ಕೇಳಿಸಿದಾಗ ತಲೆಯ ಕಡೆ ಒತ್ತಡ ಸ್ವಲ್ಪ ಏರಿತು. ಉಸಿರಾಟದ ಓಲಾಟವನ್ನು ಅವರು ಗಣಕಯಂತ್ರದಲ್ಲಿ ಬೇರ್ಪಡಿಸಿದರು. ಎಂಆರ್‌ಐ ಕೋಣೆಯಲ್ಲಿಯೂ ಇಂದು ರೋಗಿಗೆ ಮೊದಲು ಹೇಳುವುದು ತಲೆ ಅಲ್ಲಾಡಿಸಬೇಡಿ, ಕೆಮ್ಮಬೇಡಿ, ನೆಮ್ಮದಿಯಾಗಿ ಉಸಿರಾಡಿ ಎಂದೇ; ತಲೆ ಅಲುಗಿದ ಕ್ಷಣದ ಚಿತ್ರಗಳನ್ನು ಆ ಮೇಲೆ ಲೆಕ್ಕದಿಂದ ತೆಗೆದುಹಾಕುತ್ತಾರೆ.